ಛೇದದ ಪ್ರಶ್ನೆ : ಬಾಬಾಬುಡನ್‌ಗಿರಿ ಸೀಮೆಯ ಆರೋಗ್ಯ ಗಣನೆಯನ್ನು ಕುರಿತು

ಅಂಕಿಗಳಿಂದ ತುಂಬಿದ ವರದಿಯನ್ನು ಒಂದು ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ವಿಚಾರಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ಕಾವ್ಯದ ಒಂದು ಪದಕ್ಕೆ ನಾಲ್ಕು ಅರ್ಥಗಳನ್ನು ಅರಸುವ ನಾವು, ಶೇಕಡಾ ಇಷ್ಟು ಎಂಬ ಮಾತು ಕಿವಿಗೆ ಬಿದ್ದೊಡನೆ ಅದನ್ನು ಆಪ್ತವಾಕ್ಯವೆಂದು ಒಪ್ಪಿಬಿಡುತ್ತೇವೆ. ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳು ಆರೋಗ್ಯ ಇಲಾಖೆಗಳಲ್ಲಿಯೂ ಸೇವಾಸಂಸ್ಥೆಗಳಲ್ಲಿಯೂ ದತ್ತಾಂಶ ವಿಶ್ಲೇಷಕರಾಗಿ ಸೇರುತ್ತಿರುವುದರಿಂದ ಈ ಅಲಕ್ಷ್ಯವನ್ನು ಇನ್ನು ಮುಂದುವರಿಸಲಾಗದು. ಜನರ ಆರೋಗ್ಯದಲ್ಲಿ ಸಮತೆ ಉಂಟೆ, ಅಗತ್ಯ ಹೆಚ್ಚಿರುವಲ್ಲಿ ಆರೈಕೆಯೂ ಹೆಚ್ಚಾಗಿ ಸಲ್ಲುತ್ತಿದೆಯೆ ಎಂಬುದನ್ನು ಲೆಕ್ಕದಿಂದ ತೋರಿಸುವುದು ಅವರ ಕಾರ್ಯ. ಆ ಲೆಕ್ಕ ಬಾಬಾಬುಡನ್‌ಗಿರಿಯ ಸುತ್ತಣ ಕಾಫಿಯ ಬೆಟ್ಟಗಳಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ನಮ್ಮ ಭಾಷೆಯ ‘ಅಂಕಿ-ಅಂಶ’ ಎಂಬ ಜೋಡಿನುಡಿಯಲ್ಲಿ ಅಂಕಿಯೂ ಉಂಟು, ಅಂಶವೂ ಉಂಟು. ಛೇದ ಮಾತ್ರ ಇಲ್ಲ. ಇದು ಶಬ್ದದ ಆಕಸ್ಮಿಕವಿರಬಹುದು. ಆದರೆ ನಮ್ಮ ಆರೋಗ್ಯ ವರದಿಗಳನ್ನು ಓದುವಾಗ ಈ ಆಕಸ್ಮಿಕ ಪದೇ ಪದೇ ನೆನಪಿಗೆ ಬರುತ್ತದೆ. ಎಷ್ಟು ಮಂದಿಗೆ ರೋಗ ಬಂತು, ಎಷ್ಟು ತಾಯಂದಿರಿಗೆ ಆರೈಕೆ ದೊರೆಯಿತು ಎಂಬುದು ಅಚ್ಚಾಗುತ್ತದೆ. ಎಷ್ಟು ಮಂದಿಯಲ್ಲಿ, ಯಾರನ್ನು ಎಣಿಕೆಗೆ ಹಿಡಿದು, ಯಾರನ್ನು ಬಿಟ್ಟು ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದಲ್ಲಿ ಸಮತೆಯ ವಿಚಾರವನ್ನು ಗಂಭೀರವಾಗಿ ಎತ್ತಿದ ವರದಿಗಳಲ್ಲಿ ಎರಡು ಮುಖ್ಯ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಒಪ್ಪಿಸಿದ ವರದಿ ಒಂದು. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಒಪ್ಪಿಸಿದ ವರದಿ ಇನ್ನೊಂದು. ಮೊದಲನೆಯದು ತನ್ನ ಹೆಸರಿನಲ್ಲಿಯೇ ಸಮತೆಯನ್ನು ಹೊತ್ತಿತ್ತು. ಎರಡನೆಯದರ ದೊಡ್ಡ ಗುಣವೆಂದರೆ ಜಿಲ್ಲೆಯೆಂಬ ಸ್ಥೂಲ ಘಟಕವನ್ನು ಒಡೆದು ತಾಲ್ಲೂಕಿನ ಮಟ್ಟಕ್ಕೆ ಇಳಿದದ್ದು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆಯೆಂದು ಅದು ನಿರ್ಣಯಿಸಿತು. ಉತ್ತರ ಕರ್ನಾಟಕದ ಕೊರತೆ ಭಾವನೆಯ ಮಾತಲ್ಲ, ಎಣಿಕೆಯ ಮಾತು ಎಂಬುದು ಅದರಿಂದ ಸ್ಥಿರವಾಯಿತು. ಆ ಋಣವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದೇ ಅಳತೆಗೋಲನ್ನು ಕಾಫಿಯ ಸೀಮೆಗೆ ಹಿಡಿದಾಗ ಮೂಡಿಗೆರೆ, ಚಿಕ್ಕಮಗಳೂರುಗಳಂತಹ ತಾಲ್ಲೂಕುಗಳು ಮುಂದುವರಿದವುಗಳ ಸಾಲಿಗೆ ಬಂದುವು. ತಾಲ್ಲೂಕಿನ ಒಟ್ಟು ಸಂಪತ್ತನ್ನು ನೋಡಿದರೆ ಇದು ತಪ್ಪಲ್ಲ. ಆರೋಗ್ಯಕ್ಕೆ ಸಂಬಂಧಿಸಿದಂತೆ ಆ ವರದಿ ಹಿಡಿದ ಸೂಚಕಗಳು ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಎಷ್ಟು ಹಾಸಿಗೆಗಳು ಎಂಬ ಬಗೆಯವು. ಆಸ್ಪತ್ರೆ ಮೂಡಿಗೆರೆಯ ಪೇಟೆಯಲ್ಲಿದ್ದು, ಬಸ್ಸಿನ ರಸ್ತೆಗೆ ಬರಲು ಕಾಲುದಾರಿಯಲ್ಲಿ ನಡೆಯಬೇಕಾದ ಲೈನ್ ಮನೆಯ ಹೆಂಗಸಿಗೆ ಆ ಹಾಸಿಗೆ ಎಷ್ಟರಮಟ್ಟಿಗೆ ಹಾಸಿಗೆ? ಅಸಮತೆ ತಾಲ್ಲೂಕು ತಾಲ್ಲೂಕುಗಳ ನಡುವೆ ಇರುವಂತೆ ಒಂದೇ ತೋಟದ ಬೇಲಿಯೊಳಗೂ ಇರಬಲ್ಲುದು. ಮಾಲಿಕರ ಬಂಗಲೆಗೂ ಕೂಲಿಯವರ ಲೈನಿಗೂ ನಡುವಿನ ಅಂತರ ಫರ್ಲಾಂಗಿನ ಲೆಕ್ಕದ್ದು. ಸರಾಸರಿ ಆ ಅಂತರವನ್ನು ಒರಸಿಹಾಕುತ್ತದೆ.

ಈಗಿನ ವಿಶ್ಲೇಷಕ ಬಹುವಾಗಿ ನೆಚ್ಚುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಈ ತೊಡಕಿನಿಂದ ಹೊರತಲ್ಲ. ಅದರ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 30 ಜಿಲ್ಲೆಗಳಿಂದ ಸುಮಾರು 26,500 ಮನೆಗಳನ್ನು ವಿಚಾರಿಸಲಾಯಿತು. ಜಿಲ್ಲೆಗೆ ಸರಾಸರಿ 900ಕ್ಕೂ ಕಡಮೆ. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ರಕ್ತಹೀನತೆ ಹಿಂದಿನ ಸುತ್ತಿನ ಶೇ. 44.8ರಿಂದ ಶೇ. 47.8ಕ್ಕೆ ಏರಿತೆಂದು ಅದು ಹೇಳುವಾಗ ನಾವು ಕಿವಿಗೊಡಬೇಕು. ಚಿಕ್ಕಮಗಳೂರು ಜಿಲ್ಲೆಯ ಒಂದು ಸಂಖ್ಯೆಯನ್ನು ಅದು ಕೊಟ್ಟಾಗಲೂ ಕಿವಿಗೊಡಬಹುದು. ಆದರೆ ಕಡೂರಿನ ಬಯಲನ್ನೂ ಕಳಸದ ಕಾಡನ್ನೂ ಒಂದೇ ಚೀಲಕ್ಕೆ ತುಂಬಿದ ಆ ಸಂಖ್ಯೆಯಿಂದ ಲೈನ್ ಮನೆಗಳ ವಿಷಯವನ್ನು ಹಿಂಡಿ ತೆಗೆಯಹೊರಡುವುದು ಮಾದರಿಯ ಶಕ್ತಿಯನ್ನು ಮೀರಿದ ಆಸೆ. ಇನ್ನೊಂದು ಸೂಕ್ಷ್ಮವೂ ಉಂಟು. ಬಡವ ಬಲ್ಲಿದರನ್ನು ವಿಂಗಡಿಸಲು ಈ ಸಮೀಕ್ಷೆ ಮನೆಯ ನೆಲ, ಗೋಡೆ, ವಿದ್ಯುತ್ತು, ನೀರು, ಶೌಚಾಲಯ ಮುಂತಾದವನ್ನು ನೋಡಿ ಅಂಕ ಕೊಡುತ್ತದೆ. ಲೈನ್ ಮನೆಯ ಗಾರೆಯ ನೆಲ, ವಿದ್ಯುದ್ದೀಪಗಳು ತೋಟದವರ ಸ್ವತ್ತು; ಕೆಲಸ ಬಿಟ್ಟ ದಿನ ಅವೂ ಕೈಬಿಡುತ್ತವೆ. ಪರರ ಸೂರಿನ ಕೆಳಗೆ ನಿಂತವನಿಗೆ ಆ ಸೂರಿನ ಅಂಕವನ್ನು ಜಮಾ ಮಾಡಿದರೆ ಬಡತನ ಅಷ್ಟರಮಟ್ಟಿಗೆ ಕಡಮೆಯಾಗಿ ಕಾಣುವುದು ಸಹಜ.

ಹಿಂದಿನ ಒಂದು ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ವಿಚಾರಣೆಯನ್ನು ಆರಂಭಿಸಿದಾಗ ಮೂಡಿಗೆರೆ ಅದರ ಕ್ಷೇತ್ರಗಳಲ್ಲೊಂದಾಗಿತ್ತು. ಮಲೆನಾಡಿನ ಚಳಿಜ್ವರವನ್ನು ಹರಡುವ ಸೊಳ್ಳೆ ಬೆಟ್ಟದ ತಿಳಿನೀರಿನ ಸಣ್ಣ ತೊರೆಗಳಲ್ಲಿ ಬೆಳೆಯುವಂಥದು. ಬಯಲುಸೀಮೆಯ ಸೊಳ್ಳೆಯ ಜಾತಿಯೇ ಬೇರೆ. ಒಂದು ಕಡೆಯ ಉಪಾಯ ಇನ್ನೊಂದು ಕಡೆ ಸಲ್ಲದಾದುದರಿಂದ ಸ್ಥಳವನ್ನು ಬೇರೆಬೇರೆಯಾಗಿ ತಿಳಿಯುವುದು ಅನಿವಾರ್ಯವಾಯಿತು. ಆ ಕಾಲದ ಮಲೇರಿಯಾ ಸಮೀಕ್ಷೆಗಳ ಮುಖ್ಯ ಸಾಧನ ಮಕ್ಕಳ ಗುಲ್ಮದ ಪರೀಕ್ಷೆ. ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿ, ಇಷ್ಟು ಮಕ್ಕಳನ್ನು ಪರೀಕ್ಷಿಸಿದೆವು, ಇಷ್ಟು ಮಕ್ಕಳಲ್ಲಿ ಗುಲ್ಮ ಬೆಳೆದಿದೆ ಎಂದು ಬರೆಯುತ್ತಿದ್ದರು. ಅಂಶವನ್ನೂ ಛೇದವನ್ನೂ ಬರೆದದ್ದು ಒಂದೇ ಕೈ, ಒಂದೇ ದಿನ, ಒಂದೇ ಅಂಗಳದಲ್ಲಿ. ಇಂದು ಛೇದ ಜನಗಣತಿಯಿಂದಲೂ ಅಂಶ ಆಸ್ಪತ್ರೆಯ ಗಣಕಯಂತ್ರದಿಂದಲೂ ಬರುತ್ತವೆ. ಎರಡೂ ಒಬ್ಬರನ್ನೊಬ್ಬರು ಕಂಡಿರುವುದಿಲ್ಲ. ಹಳೆಯ ಪದ್ಧತಿಯನ್ನು ನಾವು ಹೊಗಳಿ ಹಾಡುತ್ತಿಲ್ಲ. ನೆಲೆನಿಂತ ಮಕ್ಕಳ ಗುಲ್ಮ, ಬಯಲಿನಿಂದ ಆಗತಾನೆ ಬಂದು ಮೈಯಲ್ಲಿ ರೋಗನಿರೋಧವಿಲ್ಲದೆ ಜ್ವರಕ್ಕೆ ಬಲಿಯಾಗುವ ಕೂಲಿಯವನನ್ನು ತೋರಿಸಲಾರದು. ಹೊಸಬನನ್ನು ಬಿಡುವ ದೋಷ ಆಗಲೂ ಇತ್ತು.

ಆ ಹೊಸಬ ಈಗಲೂ ಬರುತ್ತಾನೆ. ಅರೇಬಿಕಾ ಹಣ್ಣಾಗುವ ನವೆಂಬರಿನಿಂದ ರೊಬಸ್ಟಾ ಮುಗಿಯುವ ಮಾರ್ಚಿಯವರೆಗೆ ಕೊಯ್ಲಿಗೆಂದು ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಮಂಗನ ಕಾಯಿಲೆಯ ಕಾಲವೂ ಹೆಚ್ಚುಕಡಮೆ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಆ ರೋಗ ಈ ಜಿಲ್ಲೆಗೂ ಹೊಸತಲ್ಲ. ಹೀಗೆ ಬಂದವಳೊಬ್ಬಳು ಬಸುರಿಯೆಂದು ಭಾವಿಸೋಣ. ಅವಳ ತಾಯಿ ಕಾರ್ಡು ಹುಟ್ಟೂರಿನದು. ಅಲ್ಲಿಯ ಆಶಾ ಕಾರ್ಯಕರ್ತೆ ಅವಳ ಹೆಸರಿನ ಮುಂದೆ ‘ಊರಲ್ಲಿಲ್ಲ’ ಎಂದು ಬರೆಯುತ್ತಾಳೆ, ಅದು ಸತ್ಯ. ತೋಟದ ಬಳಿಯ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ; ಅದೂ ನಿಯಮಾನುಸಾರವೇ. ಇದ್ದವರಿಗೆಲ್ಲ ಆರೈಕೆ ಸಂದಿತೆಂದು ಎರಡು ಊರುಗಳೂ ಶೇಕಡಾ ನೂರನ್ನು ಬರೆದು ಕಳುಹಿಸಬಹುದು. ಎರಡೂ ನೂರುಗಳು ಪ್ರಾಮಾಣಿಕ; ಅವಳು ಮಾತ್ರ ಯಾವ ನೂರರೊಳಗೂ ಇಲ್ಲ. ಬೆಂಗಳೂರಿನಲ್ಲಿ ಕುಳಿತ ವಿಶ್ಲೇಷಕನ ನಕ್ಷೆಯಲ್ಲಿ ಎರಡು ತಾಲ್ಲೂಕುಗಳೂ ಹಸುರು ಬಣ್ಣವನ್ನು ತಳೆಯುತ್ತವೆ. 2011ರ ಜನಗಣತಿ ಫೆಬ್ರವರಿ 9ರಿಂದ 28ರವರೆಗೆ, ಎಂದರೆ ಕೊಯ್ಲಿನ ಕೊನೆಯ ಭಾಗದಲ್ಲಿ ನಡೆಯಿತೆಂಬುದನ್ನೂ ಗಮನಿಸಬೇಕು. ಜಿಲ್ಲೆಯ 11,37,961 ಎಂಬ ಆ ಸಂಖ್ಯೆ ಮಳೆಗಾಲದ ಮೂಡಿಗೆರೆಗೂ ಸುಗ್ಗಿಯ ಮೂಡಿಗೆರೆಗೂ ಒಂದೇ ಛೇದವಾಗಲಾರದು.

ತೋಟಗಳಲ್ಲಿಯೇ ದಾಖಲೆಯಿದೆಯಲ್ಲ ಎಂದು ಕೆಲವರು ಕೇಳಬಹುದು. 1951ರ ತೋಟ ಕಾರ್ಮಿಕರ ಕಾಯಿದೆ ವಸತಿ, ಔಷಧಾಲಯ, ಶಿಶುವಿಹಾರಗಳ ಹೊಣೆಯನ್ನು ಮಾಲಿಕರ ಮೇಲೆ ಹೊರಿಸಿತು. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರು, 15 ಮಂದಿ ಕೆಲಸಗಾರರ ತೋಟಗಳವರೆಗೆ ಇಳಿಸಿತು. 2020ರ ಸಂಹಿತೆಯಲ್ಲಿ ಅದು ವಿಲೀನವಾಯಿತು. ದೊಡ್ಡ ಎಸ್ಟೇಟುಗಳ ರೈಟರು ಬರೆದಿಟ್ಟ ಹಾಜರಿ ಪುಸ್ತಕಗಳು ಬೆಲೆಯುಳ್ಳ ಆಕರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಮೇಸ್ತ್ರಿಯ ಮೂಲಕ ಬಂದು, ಇಂದು ಒಂದು ತೋಟ ನಾಳೆ ಇನ್ನೊಂದು ತೋಟವೆಂದು ಅಲೆಯುವವರ ಹೆಸರು ಮೇಸ್ತ್ರಿಯ ಜೇಬಿನ ಚೀಟಿಯಲ್ಲಿರುವುದೇ ಹೆಚ್ಚು.

ವೇಲ್ಸಿನ ಗಣಿಯ ಕಣಿವೆಯೊಂದರಲ್ಲಿ ವೈದ್ಯನಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್, ಆರೈಕೆ ಹೆಚ್ಚು ಬೇಕಾದಲ್ಲಿಯೇ ಅದು ಕಡಮೆ ದೊರೆಯುತ್ತದೆ ಎಂಬ ತನ್ನ ಪ್ರಸಿದ್ಧ ಸೂತ್ರವನ್ನು 1971ರಲ್ಲಿ ಪ್ರಕಟಿಸಿದ. ಸೂತ್ರವನ್ನು ಎಲ್ಲರೂ ಉದ್ಧರಿಸುತ್ತಾರೆ. ಅವನು ತನ್ನ ಹಳ್ಳಿಯ ವಯಸ್ಕರೆಲ್ಲರ ರಕ್ತದ ಒತ್ತಡವನ್ನು, ಆಸ್ಪತ್ರೆಗೆ ಬಾರದವರನ್ನೂ ಹುಡುಕಿಕೊಂಡು ಹೋಗಿ, ಅಳೆದನೆಂಬುದನ್ನು ಉದ್ಧರಿಸುವವರು ವಿರಳ. ನಮ್ಮ ತರಗತಿಗಳಲ್ಲಿ ಯಂತ್ರದ ಬಳಕೆಯನ್ನೂ ಸಮೀಕರಣಗಳನ್ನೂ ಚೆನ್ನಾಗಿ ಕಲಿಸುತ್ತೇವೆ. ಒಂದು ರಜಿಸ್ಟರನ್ನು ಯಾರು, ಯಾವ ತಿಂಗಳಲ್ಲಿ, ಯಾರ ಮನೆಯ ಮುಂದೆ ನಿಂತು ತುಂಬಿದರು ಎಂದು ವಿಚಾರಿಸುವ ಅಭ್ಯಾಸ ಪಾಠಪಟ್ಟಿಯಲ್ಲಿ ಇನ್ನೂ ಸೇರಿಲ್ಲ.

ಆಗಬೇಕಾದುದೆಲ್ಲ ದುಬಾರಿಯೆಂದೇನೂ ಇಲ್ಲ. ಕಾಯಿಲೆ ಬಲಿತಾಗ ಮೂಡಿಗೆರೆ, ಕಳಸಗಳ ಜನ ಘಟ್ಟವಿಳಿದು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದುಂಟು. ಅಲ್ಲಿ ತೀರಿಕೊಂಡವರ ಮರಣ, 1969ರ ಜನನ ಮರಣ ನೋಂದಣಿ ಕಾಯಿದೆಯಂತೆ, ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುತ್ತದೆ. ಬರಿಯ ನೋಂದಣಿಯ ಸ್ಥಳದಿಂದ ಲೆಕ್ಕ ಹಾಕಿದವನಿಗೆ ಬೆಟ್ಟದ ಸಾವು ಕರಾವಳಿಯ ಸಾವಾಗಿ, ಬೆಟ್ಟ ಅಷ್ಟರಮಟ್ಟಿಗೆ ಆರೋಗ್ಯವಂತವಾಗಿ ತೋರುತ್ತದೆ. ಆದರೆ ಅದೇ ನಮೂನೆಯ ಅಂಕಿ-ಅಂಶದ ಭಾಗದಲ್ಲಿ ಮೃತರ ವಾಸದ ಊರಿಗೆ ಒಂದು ಕಲಮು ಉಂಟು. ಆ ಕಲಮಿನ ಪ್ರಕಾರ ಮಂಗಳೂರಿನ ಮರಣಗಳನ್ನು ವಿಂಗಡಿಸಿ, ಮೂಡಿಗೆರೆಯವನ್ನು ಮೂಡಿಗೆರೆಗೂ ಕಳಸದವನ್ನು ಕಳಸಕ್ಕೂ ಸೇರಿಸಿ ನೋಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಇಲಾಖೆಯ ಅನುಮತಿ ಪಡೆದು ಒಂದು ಬೇಸಗೆಯಲ್ಲಿ ಕೈಕೊಳ್ಳಬಹುದಾಗಿದೆ.