ಓದುವವಳ ದುಡಿಮೆ ಯಾರ ಲೆಕ್ಕಕ್ಕೆ?

ಮಹಿಳಾ ಅಧ್ಯಯನವೆಂಬ ಶಿಸ್ತು ನಮಗೆ ಕಲಿಸಿದ ಮೊದಲ ಪಾಠ ಲೆಕ್ಕದ್ದು. ಒಲೆ ಹಚ್ಚುವುದು, ನೀರು ತರುವುದು, ಹಿರಿಯರ ಆರೈಕೆ, ಮಕ್ಕಳ ಪಾಲನೆ ಇವೆಲ್ಲವೂ ದುಡಿಮೆಯೇ. ಆದರೆ ಯಾವ ಖಾತೆ ಪುಸ್ತಕದಲ್ಲೂ ಇವಕ್ಕೆ ಜಾಗವಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣು ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ಗಂಡು ಕಳೆಯುವುದು 97 ನಿಮಿಷ. ಇಂಥದೊಂದು ಅಂಕಿ ಸರಕಾರಿ ಕಡತದೊಳಗೆ ಬರುವಂತಾದದ್ದರ ಹಿಂದೆ ಈ ಶಿಸ್ತಿನ ದಶಕಗಳ ಒತ್ತಾಯವಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಜಗತ್ತಿನ ಹೆಣ್ಣುಮಕ್ಕಳ ಸಂಬಳವಿಲ್ಲದ ದುಡಿಮೆಯನ್ನು ಲೆಕ್ಕ ಹಾಕಲು ಕಲಿಸುವ ಈ ಶಿಸ್ತು ತನ್ನ ತರಗತಿಯಲ್ಲೇ ಕುಳಿತಿರುವ ವಿದ್ಯಾರ್ಥಿನಿಯ ದುಡಿಮೆಯನ್ನು ಯಾವ ಲೆಕ್ಕಕ್ಕೆ ಬರೆದಿದೆ? ಅವಳ ಓದು, ತಿರುಗಾಟ, ಸಂದರ್ಶನ, ಅನುವಾದ ಇವುಗಳ ಖರ್ಚು ಕೊಡುವವರು ಯಾರು?

ಈ ಶಿಸ್ತಿನ ಹುಟ್ಟು ಸರಕಾರಿ ಕೃಪೆಯಿಂದ ಆದದ್ದಲ್ಲ. 1971ರಲ್ಲಿ ನೇಮಕವಾದ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿ 1974ರಲ್ಲಿ 'ಸಮಾನತೆಯೆಡೆಗೆ' ಎಂಬ ವರದಿ ಕೊಟ್ಟಿತು. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಬಹುಪಾಲು ಹೆಣ್ಣುಮಕ್ಕಳ ಸ್ಥಿತಿ ಸುಧಾರಿಸಿಲ್ಲ, ಕೆಲವು ವಿಷಯಗಳಲ್ಲಿ ಹಿಂದೆ ಸರಿದಿದೆ ಎಂದು ಆ ವರದಿ ಹೇಳಿದಾಗ ವಿದ್ವತ್ ಲೋಕ ಬೆಚ್ಚಿಬಿತ್ತು. ಅದೇ 1974ರಲ್ಲಿ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿಯವರ ಮುಂದಾಳತ್ವದಲ್ಲಿ ಸಂಶೋಧನಾ ಘಟಕವೊಂದು ತೆರೆಯಿತು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು, 1982ರಲ್ಲಿ ಅಖಿಲ ಭಾರತ ಸಂಘಟನೆ ರೂಪುಗೊಂಡಿತು. 1986ರ ಶಿಕ್ಷಣ ನೀತಿಯ ಬಳಿಕ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನ ಕೇಂದ್ರಗಳಿಗೆ ಅನುದಾನ ಕೊಡತೊಡಗಿತು. ನಮ್ಮ ರಾಜ್ಯದಲ್ಲಿ 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯ ಈ ವಿಷಯಕ್ಕೆ ಕನ್ನಡದಲ್ಲೇ ಒಂದು ನೆಲೆ ಒದಗಿಸಿತು. 2003ರಲ್ಲಿ ವಿಜಾಪುರದಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಡಲಾಯಿತು. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು, ಬೆಳಗಾವಿ ಜಿಲ್ಲೆಯವೂ ಸೇರಿ.

ಈಗ ಬೆಳಗಾವಿಯ ಮಟ್ಟಿಗೇ ಯೋಚಿಸೋಣ. ಖಾನಾಪುರ ತಾಲೂಕಿನ ಹಳ್ಳಿಯೊಂದರ ಹುಡುಗಿ ಮಹಿಳಾ ಅಧ್ಯಯನದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ವಿಜಯಪುರದಲ್ಲಿ ಹೆಸರು ಹಚ್ಚಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ವಿಷಯ ನೇಕಾರ ಹೆಣ್ಣುಮಕ್ಕಳ ದುಡಿಮೆ. ಆದ್ದರಿಂದ ಅವಳು ಹಿಂದವಾಡಿಯಲ್ಲಿ ಗೆಳತಿಯರೊಡನೆ ಒಂದು ರೂಮು ಹಿಡಿದಿದ್ದಾಳೆ. ಅಲ್ಲಿಂದ ಶಹಾಪುರ, ವಡಗಾವಿ, ಖಾಸಬಾಗಗಳ ಮಗ್ಗದ ಓಣಿಗಳು ದೂರವಿಲ್ಲ. ಆ ಮನೆಗಳಲ್ಲಿ ಮಗ್ಗ ಗಂಡಸಿನ ಹೆಸರಿನಲ್ಲಿ ಓಡುತ್ತದೆ; ಕಂಡಿಕೆ ಸುತ್ತುವುದು, ಎಳೆ ಜೋಡಿಸುವುದು ಹೆಂಡತಿ ಮಕ್ಕಳ ಪಾಲು. ಸೀರೆಗೆ ಕೂಲಿ ಬರುತ್ತದೆ, ಕಂಡಿಕೆಗೆ ಬೇರೆ ಕೂಲಿಯಿಲ್ಲ. ಇದನ್ನೇ ಅವಳು ಬರೆಯಹೊರಟಿದ್ದಾಳೆ.

ಅವಳ ಖರ್ಚಿನ ಪಟ್ಟಿ ಹೀಗೆ ಬೆಳೆಯುತ್ತದೆ: ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು, ವಿಶ್ವವಿದ್ಯಾಲಯದ ಶುಲ್ಕ, ಪುಸ್ತಕ, ಜೆರಾಕ್ಸು, ಟೈಪಿಂಗು, ಬೈಂಡಿಂಗು, ಪ್ರಗತಿ ವರದಿ ಒಪ್ಪಿಸಲು ಸುಮಾರು ಇನ್ನೂರು ಕಿಲೋಮೀಟರ್ ದೂರದ ವಿಜಯಪುರಕ್ಕೆ ಪ್ರಯಾಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನ ಟಿಕೆಟ್ಟು ಈ ಪಟ್ಟಿಯಿಂದ ಇಳಿದಿದೆ. ಇದು ಸಣ್ಣ ಉಪಕಾರವಲ್ಲ. ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡುವ ಹುಡುಗಿಯರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಬಸ್ಸು ಅವಳನ್ನು ಗ್ರಂಥಾಲಯದ ಬಾಗಿಲಿನವರೆಗೆ ತಲುಪಿಸಬಲ್ಲದು. ಒಳಗೆ ಬೇಕಾದ ಪುಸ್ತಕವನ್ನೂ ಓದಲು ಬೇಕಾದ ಬಿಡುವನ್ನೂ ಅದು ಕೊಡಲಾರದು.

ಯುಜಿಸಿಯ ಅನುದಾನ ಇದೆಯಲ್ಲ ಎಂದು ಕೇಳಬಹುದು. ಆ ಹಣ ಬಂದದ್ದು ಕೇಂದ್ರಗಳಿಗೆ. ಸಿಬ್ಬಂದಿ, ಪುಸ್ತಕ, ತರಬೇತಿ, ವಿಚಾರ ಸಂಕಿರಣ ಇವು ಅದರ ಮುಖ್ಯ ಬಾಬ್ತುಗಳು. ವಿದ್ಯಾರ್ಥಿನಿಯ ಹೊಟ್ಟೆಪಾಡು ಆ ಬಾಬ್ತುಗಳಲ್ಲಿ ಇರಲಿಲ್ಲ. ಕೇಂದ್ರಗಳ ಬದುಕಾದರೂ ಭದ್ರವಾಗಿತ್ತೇ ಎಂದರೆ ಅದೂ ಇಲ್ಲ. 2017ರಲ್ಲಿ ಹನ್ನೆರಡನೆಯ ಪಂಚವಾರ್ಷಿಕ ಯೋಜನೆ ಮುಗಿದಾಗ ದೇಶದ ನೂರೈವತ್ತಕ್ಕೂ ಹೆಚ್ಚು ಕೇಂದ್ರಗಳ ಮುಂದಿನ ಗತಿಯೇನು ಎಂಬುದು ಪ್ರಶ್ನೆಯಾಯಿತು. ತಿಂಗಳುಗಳ ಲೆಕ್ಕದಲ್ಲಿ ವಿಸ್ತರಣೆ ಕೊಡಲಾಯಿತು, ಅಧ್ಯಾಪಕರು ಬೀದಿಗಿಳಿದು ಕೇಳಬೇಕಾಯಿತು. ಮೂವತ್ತು ವರ್ಷ ದಾಟಿದ ಶಿಸ್ತೊಂದು ತಾತ್ಕಾಲಿಕ ಯೋಜನೆಯಾಗಿಯೇ ಉಳಿದಿತ್ತು ಎಂಬುದು ಅಂದು ಬಯಲಾಯಿತು.

ಹಾಗಾದರೆ ವಿದ್ಯಾರ್ಥಿನಿಯ ಕೈಗೇ ಬರುವ ಹಣ ಯಾವುದು? ಜೆಆರ್‌ಎಫ್ ಇದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಮಹಿಳಾ ಅಧ್ಯಯನವೂ ಎನ್‌ಇಟಿ ಪರೀಕ್ಷೆಯ ಒಂದು ವಿಷಯ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ಎಂ.ಎ. ಬರೆದ ಖಾನಾಪುರದ ಹುಡುಗಿಗೆ ಫೆಲೋಶಿಪ್ಪಿನ ಬಾಗಿಲು ತೆರೆಯುವುದು ಪರಭಾಷೆಯ ಕೀಲಿಯಿಂದ ಮಾತ್ರ. ರಾಜ್ಯದ ಕೆ-ಸೆಟ್ ಪರೀಕ್ಷೆ ಅಧ್ಯಾಪಕಿಯಾಗುವ ಅರ್ಹತೆ ಕೊಡುತ್ತದೆ, ಫೆಲೋಶಿಪ್ಪು ಕೊಡುವುದಿಲ್ಲ.

ಅವಳು ಮುಸ್ಲಿಂ ಹುಡುಗಿಯಾಗಿದ್ದರೆ ಇನ್ನೊಂದು ಬಾಗಿಲಿತ್ತು. ಸಾಚಾರ್ ವರದಿಯ ನಂತರ, 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆ ಮೀಸಲಾಗಿತ್ತು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾದರು, 738 ಕೋಟಿ ರೂಪಾಯಿಗೂ ಹೆಚ್ಚು ವಿತರಣೆಯಾಯಿತು ಎಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಅದೇ ಉತ್ತರದಲ್ಲಿ, 2022ರ ಡಿಸೆಂಬರ್‌ನಲ್ಲಿ, ಯೋಜನೆ ನಿಲ್ಲಿಸಿರುವುದನ್ನೂ ಹೇಳಿತು. ಕಾರಣ, ಇತರ ಯೋಜನೆಗಳೊಡನೆ ಇದು ಮೇಲೆ ಮೇಲೆ ಬೀಳುತ್ತದೆ ಎಂಬುದು. ಒಬ್ಬಳು ಏಕಕಾಲಕ್ಕೆ ಎರಡು ಫೆಲೋಶಿಪ್ ಪಡೆಯಲು ಮೊದಲಿನಿಂದಲೂ ಅವಕಾಶವಿರಲಿಲ್ಲ. ಹೀಗಿರುವಾಗ ಯೋಜನೆಗಳು ಒಂದರ ಮೇಲೊಂದು ಬಿದ್ದದ್ದು ಕಡತದಲ್ಲೇ ಹೊರತು ಯಾವ ಹುಡುಗಿಯ ಕೈಯಲ್ಲೂ ಅಲ್ಲ. ಕಡತ ಹಗುರವಾಯಿತು, ಅವಳ ಕೈ ಬರಿದಾಯಿತು ಎನ್ನದೆ ವಿಧಿಯಿಲ್ಲ.

ಹೆಣ್ಣು ಮತ್ತು ವಿದ್ಯೆಯ ನಡುವೆ ಹಣ ನಿಂತಿದೆ ಎಂಬುದನ್ನು ಸಾಹಿತ್ಯ ನಮಗಿಂತ ಮೊದಲೇ ಕಂಡಿತ್ತು. ಮಹಿಳಾ ಅಧ್ಯಯನದ ತರಗತಿಗಳಲ್ಲಿ ಹೆಚ್ಚಾಗಿ ಹೆಸರಿಸಲ್ಪಡುವ ಎರಡು ಕೃತಿಗಳನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕೆಂದು ನಮಗನಿಸುತ್ತದೆ. ವರ್ಜೀನಿಯಾ ವುಲ್ಫ್‌ಳ 'ಎ ರೂಮ್ ಆಫ್ ಒನ್ಸ್ ಓನ್' 1929ರದು. ಬರೆಯುವ ಹೆಣ್ಣಿಗೆ ಸ್ವಂತದ ಕೋಣೆಯೂ ವರ್ಷಕ್ಕೆ ಐನೂರು ಪೌಂಡೂ ಬೇಕು ಎಂಬುದು ಅದರ ವಾದ. ಗಂಡಸರ ಕಾಲೇಜಿನ ಭೋಜನವನ್ನೂ ಹೆಣ್ಣುಮಕ್ಕಳ ಕಾಲೇಜಿನ ಬಡ ಊಟವನ್ನೂ ಅಕ್ಕಪಕ್ಕ ಇಟ್ಟು, ವಿದ್ಯೆಯ ಅಂತರ ತಟ್ಟೆಯಿಂದಲೇ ಶುರುವಾಗುತ್ತದೆ ಎಂದು ಅವಳು ತೋರಿಸುತ್ತಾಳೆ. ಆದರೆ ಆ ಐನೂರು ಪೌಂಡು ಬಂದದ್ದು ಎಲ್ಲಿಂದ? ಕೃತಿಯ ನಿರೂಪಕಿಗೆ ಅದನ್ನು ಬಿಟ್ಟುಹೋದವಳು ಅವಳ ಅತ್ತೆ. ಆಕೆ ಸತ್ತದ್ದು ಮುಂಬಯಿಯಲ್ಲಿ, ಹವಾಸೇವನೆಗೆ ಹೊರಟು ಕುದುರೆಯಿಂದ ಬಿದ್ದು. ಆ ಕಾಲಕ್ಕೆ ಬೆಳಗಾವಿಯೂ ಮುಂಬಯಿ ಪ್ರಾಂತ್ಯದ್ದೇ ಊರು. ಲಂಡನ್ನಿನ ಆ ಕೋಣೆಯ ಬಾಡಿಗೆಯಲ್ಲಿ ನಮ್ಮ ಪ್ರಾಂತ್ಯದ ಬೆವರೂ ಇದ್ದಿರಬಹುದೇ ಎಂದು ಕೇಳುವ ಹಕ್ಕು ಹಿಂದವಾಡಿಯ ರೂಮಿನಲ್ಲಿ ಕುಳಿತು ಅದನ್ನು ಓದುವವಳಿಗೆ ಇದೆ. ವುಲ್ಫ್ ಹಣದ ಅಗತ್ಯ ಕಂಡಳು, ಹಣದ ಹಿಂದಿನ ದುಡಿಮೆಯತ್ತ ಹೆಚ್ಚು ಹೊತ್ತು ನೋಡಲಿಲ್ಲ.

ಅದಕ್ಕಿಂತ 24 ವರ್ಷ ಮೊದಲು, 1905ರಲ್ಲಿ, ಬಂಗಾಳದ ಬೇಗಂ ರುಖಿಯಾ ಬರೆದ 'ಸುಲ್ತಾನಾಳ ಕನಸು' ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅವಳ ಕನಸಿನ ನಾಡಿನಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯಗಳು ಮೋಡದಿಂದ ನೀರನ್ನೂ ಸೂರ್ಯನಿಂದ ಶಾಖವನ್ನೂ ಹಿಡಿದು ತರುತ್ತವೆ. ಬಹಳಷ್ಟು ಮಂದಿ ಈ ಕತೆಯನ್ನು ವಿಜ್ಞಾನದ ಕಲ್ಪನೆಯಾಗಿ ಮೆಚ್ಚುತ್ತಾರೆ. ನಮಗೆ ಮುಖ್ಯವೆನಿಸುವುದು ಬೇರೆ. ಆ ನಾಡಿನಲ್ಲಿ ಅಡುಗೆ, ಮಕ್ಕಳ ಪಾಲನೆ ಗಂಡಸರದು. ಪ್ರಯೋಗಶಾಲೆಯಲ್ಲಿ ಒಬ್ಬಳು ಕೂರಬೇಕಾದರೆ ಮನೆಯಲ್ಲಿ ಅನ್ನ ಮಾಡುವವರು ಯಾರಾದರೂ ಇರಲೇಬೇಕು ಎಂಬ ಸರಳ ಲೆಕ್ಕವನ್ನು ರುಖಿಯಾ ಮರೆಯಲಿಲ್ಲ. ಕನಸು ಬರೆದು ಆಕೆ ಸುಮ್ಮನೆ ಕೂರಲೂ ಇಲ್ಲ. 1909ರಲ್ಲಿ ಗಂಡ ತೀರಿಕೊಂಡ ಮೇಲೆ, ಆತ ಹೆಣ್ಣುಮಕ್ಕಳ ಶಾಲೆಗೆಂದೇ ತೆಗೆದಿರಿಸಿದ್ದ ಹಣದಿಂದ ಭಾಗಲ್ಪುರದಲ್ಲಿ ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ಮತ್ತೆ ಕಟ್ಟಿದರು. ವುಲ್ಫ್ ಹಣವನ್ನು ಕೇಳಿದರೆ ರುಖಿಯಾ ಹಣದ ಜೊತೆಗೆ ಸಮಯವನ್ನೂ ಕೇಳಿದರು.

ಇನ್ನೊಂದು ದುಡಿಮೆಯನ್ನು ಇಬ್ಬರೂ ಹೇಳಲಿಲ್ಲ. ಅದು ಗಡಿನಾಡಿನ ಹುಡುಗಿಯ ಪಾಲಿಗೆ ಬಂದದ್ದು. ಮಗ್ಗದ ಓಣಿಯಲ್ಲಿ ಅವಳಿಗೆ ಉತ್ತರ ಸಿಗುವುದು ಒಂದು ಮನೆಯಲ್ಲಿ ಕನ್ನಡದಲ್ಲಿ, ಮುಂದಿನ ಮನೆಯಲ್ಲಿ ಮರಾಠಿಯಲ್ಲಿ, ಅದರಾಚೆ ದಖನಿ ಉರ್ದುವಿನಲ್ಲಿ. ಓದಬೇಕಾದ ಸಿದ್ಧಾಂತ ಇಂಗ್ಲಿಷಿನಲ್ಲಿ. ಎಚ್.ಎಸ್. ಶ್ರೀಮತಿಯವರಂಥವರು ಸಿಮೋನ್ ದ ಬೋವಾಳನ್ನು ಕನ್ನಡಕ್ಕೆ ತಂದದ್ದರಿಂದ ಒಂದಿಷ್ಟು ಹಾದಿ ಸುಗಮವಾಯಿತು. ಉಳಿದ ಹಾದಿಯನ್ನು ವಿದ್ಯಾರ್ಥಿನಿಯೇ ರಾತ್ರಿ ನಿಘಂಟು ಹಿಡಿದು ಸವೆಸಬೇಕು. ನಾಲ್ಕು ಭಾಷೆಗಳ ನಡುವಿನ ಈ ಹೊರೆಗೆ ಮಹಾಪ್ರಬಂಧದಲ್ಲಿ ಅಂಕವಿಲ್ಲ, ಬಜೆಟ್ಟಿನಲ್ಲಿ ಕಾಸಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡಿನ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಲಾಯಿತು. ಅನುವಾದವೂ ದುಡಿಮೆ ಎಂದು ಆ ಪ್ರಶಸ್ತಿ ಒಪ್ಪಿತು. ನಮ್ಮ ವಿಶ್ವವಿದ್ಯಾಲಯಗಳು ಸನ್ಮಾನದ ಶಾಲು ಹೊದಿಸುವುದರ ಜೊತೆಗೆ ಈ ಹಂಚಿಕೆಯ ನೀತಿಯನ್ನೂ ಕಲಿತರೆ ಒಳ್ಳೆಯದು.

ಸರಕಾರಕ್ಕೆ ಹಣವಿಲ್ಲ, ಇಂಥ ಓದಿಗೆ ಕೆಲಸವೂ ಇಲ್ಲ, ಮತ್ತೇಕೆ ಈ ಖರ್ಚು ಎನ್ನುವವರಿದ್ದಾರೆ. ಅವರಿಗೆ ಖಾನಾಪುರದಲ್ಲೇ ಉತ್ತರವಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಆ ತಾಲೂಕಿನ ಜಾಗೃತ ಮಹಿಳಾ ಒಕ್ಕೂಟದ ಕೂಲಿಕಾರ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ನಿಂತಂತೆ ಕೆಲಸದ ಹಕ್ಕಿಗಾಗಿಯೂ ಪಂಚಾಯಿತಿಯ ಮುಂದೆ ನಿಂತರು. ಕೆಲಸ ಕೇಳಿ ಅರ್ಜಿ ಕೊಟ್ಟರೆ ದಿನಾಂಕ ಹಾಕಿದ ರಸೀದಿ, ಹದಿನೈದು ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ ಎಂದು ಆ ಕಾಯ್ದೆಯಲ್ಲಿ ಬರೆದಿತ್ತು. ಹಾರೆ ಹಿಡಿದ ಹೆಣ್ಣಿಗೆ ತನ್ನ ದುಡಿಮೆಯ ರಸೀದಿ ಕೇಳಲು ಕಾನೂನು ಇತ್ತು. ಅವಳ ಬಗ್ಗೆ ಪ್ರಬಂಧ ಬರೆಯುವ ಹೆಣ್ಣಿಗೆ ಅಂಥ ರಸೀದಿ ಕೊಡುವವರಿಲ್ಲ. ವಿಪರ್ಯಾಸವೆಂದರೆ, ಆ ಹೋರಾಟದ ಚರಿತ್ರೆಯನ್ನು ಬರೆದಿಡಬೇಕಾದವಳು ಇವಳೇ. ಇವಳು ಓದು ಬಿಟ್ಟು ಮನೆಗೆ ಮರಳಿದರೆ ಒಂದು ತಾಲೂಕಿನ ಹೆಣ್ಣುಮಕ್ಕಳ ನೆನಪು ಬರಹವಾಗದೆ ಹೋಗುತ್ತದೆ.

ಸರಕಾರವನ್ನು ಪ್ರಶ್ನಿಸಿದ ಮೇಲೆ ನಮ್ಮ ಸಮುದಾಯಗಳನ್ನೂ ಪ್ರಶ್ನಿಸಬೇಕು. ಬೆಳಗಾವಿ ಜಿಲ್ಲೆಗೆ ಈ ವಿಷಯದಲ್ಲಿ ಹಳೆಯ ಮೇಲ್ಪಂಕ್ತಿಯಿದೆ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟರು. ಕಟ್ಟಡದಷ್ಟೇ ಓದುವ ಹುಡುಗನ ಖರ್ಚೂ ಮುಖ್ಯ ಎಂಬ ವಿವೇಕ ಅದರಲ್ಲಿತ್ತು. ಇಂದು ಮುಸ್ಲಿಂ ಟ್ರಸ್ಟುಗಳೂ ಅಂಜುಮನ್‌ಗಳೂ ವಿದ್ಯಾರ್ಥಿವೇತನ ಕೊಡುತ್ತಿಲ್ಲವೆಂದಲ್ಲ. ಆದರೆ ವೈದ್ಯಕೀಯ, ಇಂಜಿನಿಯರಿಂಗ್ ಎಂದೊಡನೆ ತೆರೆಯುವ ಕೈ, ಹೆಣ್ಣುಮಕ್ಕಳ ಬದುಕನ್ನು ಓದುತ್ತೇನೆ ಎಂದವಳ ಮುಂದೆ ಹಾಗೆಯೇ ತೆರೆಯುತ್ತದೆಯೇ? ಮುಸ್ಲಿಂ ಹೆಣ್ಣಿನ ಸ್ಥಿತಿಯ ಬಗ್ಗೆ ಹೊರಗಿನವರು ಬರೆದದ್ದಕ್ಕೆಲ್ಲ ಆಕ್ಷೇಪ ಎತ್ತುವ ನಾವು, ಒಳಗಿನಿಂದ ಬರೆಯಬಲ್ಲವಳಿಗೆ ಮೂರು ವರ್ಷದ ಊಟ, ರೂಮಿನ ಖರ್ಚು ಕೊಡಲು ಹಿಂಜರಿದರೆ ಆ ಆಕ್ಷೇಪಕ್ಕೆ ತೂಕವಿರುವುದಿಲ್ಲ.

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ವಿಭಾಗದ ಬಜೆಟ್ಟಿನಲ್ಲಿ ವಿಚಾರ ಸಂಕಿರಣದ ಸಾಲಿನ ಮೇಲೆ ಕ್ಷೇತ್ರಕಾರ್ಯ ಭತ್ಯೆಯ ಸಾಲು ಬರಲಿ. ವಿದ್ಯಾರ್ಥಿನಿ ಮಾಡುವ ಅನುವಾದಕ್ಕೆ ಪುಟದ ಲೆಕ್ಕದಲ್ಲಿ ಸಂಭಾವನೆ ಸಿಗಲಿ, ಆ ಅನುವಾದ ಮುಂದಿನ ತಂಡದ ಪಠ್ಯವಾಗಲಿ. ಎನ್‌ಇಟಿ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಕೊಡಬೇಕೆಂದು ರಾಜ್ಯದ ವಿಶ್ವವಿದ್ಯಾಲಯಗಳು ಒಂದೇ ದನಿಯಲ್ಲಿ ಕೇಳಲಿ.

ಕೊನೆಯದಾಗಿ, ಈ ಲೆಕ್ಕ ವಿದ್ಯಾರ್ಥಿನಿಯ ಬಳಿಗೇ ಬಂದು ನಿಲ್ಲಬಾರದು. ಖಾಸಬಾಗದ ಜಗಲಿಯಲ್ಲಿ ಅವಳ ಪ್ರಶ್ನೆಗಳಿಗೆ ಒಂದು ತಾಸು ಉತ್ತರ ಕೊಟ್ಟವಳು ಆ ತಾಸಿನಲ್ಲಿ ಸುತ್ತದೆ ಬಿಟ್ಟ ಕಂಡಿಕೆಗಳಿವೆ. ಆ ತಾಸಿನ ಕೂಲಿಯೂ ಸಂಶೋಧನೆಯ ಖರ್ಚೇ. ಕೇಳಿದವಳಿಗೂ ಹೇಳಿದವಳಿಗೂ ಹೊತ್ತಿನ ಬೆಲೆ ಸಂದ ದಿನ ಮಹಿಳಾ ಅಧ್ಯಯನ ತಾನು ಕಲಿಸಿದ ಪಾಠವನ್ನು ತಾನೂ ಕಲಿತಂತಾಗುತ್ತದೆ.