ಚಲನಚಿತ್ರಗಳ ವಯೋಮಿತಿ: ಶ್ರಾವಕರ ದೃಷ್ಟಿಯಲ್ಲಿ

ಚಲನಚಿತ್ರವು ಆರಂಭವಾಗುವ ಮುನ್ನ ಪರದೆಯ ಮೇಲೆ ಪ್ರಮಾಣಪತ್ರವೊಂದು ಕ್ಷಣಕಾಲ ಕಾಣಿಸಿಕೊಳ್ಳುತ್ತದೆ. ಅದನ್ನು ಗಮನವಿಟ್ಟು ಓದುವವರು ವಿರಳ. 1952ರ ಚಲನಚಿತ್ರ ಕಾಯಿದೆಯಡಿ ಮೊದಲಿಗೆ ಇದ್ದುದು ಎರಡೇ ವರ್ಗ: ಎಲ್ಲರಿಗೂ ಸಲ್ಲುವ 'ಯು' ಮತ್ತು ವಯಸ್ಕರಿಗೆ ಮಾತ್ರ ಮೀಸಲಾದ 'ಎ'. ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಪೋಷಕರ ವಿವೇಚನೆಯನ್ನು ಬೇಡುವ 'ಯುಎ' ವರ್ಗವು 1983ರಲ್ಲಿ ಸೇರಿತು. 2023ರ ತಿದ್ದುಪಡಿಯು ಅದನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ಮೂರಾಗಿ ವಿಂಗಡಿಸಿತು.

ಏಳರ ಮಗುವಿನ ಮನಸ್ಸು ಹದಿನಾರರ ಹುಡುಗನ ಮನಸ್ಸಲ್ಲವೆಂಬ ಸತ್ಯವನ್ನು ಕಾಯಿದೆ ಒಪ್ಪಿಕೊಂಡದ್ದು ಉಚಿತವೇ ಆಗಿದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. 'ಎ' ಚಿತ್ರಕ್ಕೆ ಅಪ್ರಾಪ್ತರನ್ನು ಬಿಡದಿರುವುದು ಚಿತ್ರಮಂದಿರದ ಹೊಣೆ. 'ಯುಎ' ವಯೋಸೂಚನೆಯನ್ನು ಜಾರಿಗೊಳಿಸುವ ಅಧಿಕಾರವಾದರೋ ತಂದೆತಾಯಿ ಅಥವಾ ಪೋಷಕರಿಗಲ್ಲದೆ ಬೇರೆ ಯಾರಿಗೂ ಇಲ್ಲ. ಕಾನೂನು ತನ್ನ ಭಾರವನ್ನು ನಮ್ಮ ಮನೆಯ ಹೊಸ್ತಿಲಲ್ಲಿ ಇಳಿಸಿದೆ.

ಆ ಭಾರವನ್ನು ಹೊರಲು ವಯಸ್ಸಿನ ಅಂಕಿಯೊಂದೇ ಸಾಕೆ? ಪರದೆಯ ಮೇಲೆ ಎಷ್ಟು ರಕ್ತ ಹರಿಯಿತೆಂಬುದನ್ನು ಮಂಡಳಿ ಅಳೆಯಬಲ್ಲದು. ನೋಡುಗನ ಎದೆಯಲ್ಲಿ ಏನು ನಡೆಯಿತೆಂಬುದನ್ನಲ್ಲ. 1975ರಲ್ಲಿ ತೆರೆಕಂಡ 'ಶೋಲೆ'ಯ ಮೂಲ ಅಂತ್ಯದಲ್ಲಿ ಠಾಕೂರನು ಗಬ್ಬರನನ್ನು ಕೊಲ್ಲುತ್ತಿದ್ದ. ಸೆನ್ಸಾರಿನ ಆಕ್ಷೇಪದಿಂದ ಆ ಅಂತ್ಯವು ಬದಲಾಗಿ ಪೊಲೀಸರು ಬಂದು ತಡೆದರು. ದ್ರವ್ಯಹಿಂಸೆ ತಪ್ಪಿತು, ನಿಜ. ಆದರೆ ಮೂರು ಗಂಟೆಯಿಂದ ಆ ಮರಣವನ್ನೇ ಹಾರೈಸುತ್ತ ಕುಳಿತವನ ಭಾವಹಿಂಸೆಗೆ ಕತ್ತರಿ ಹಾಕಿದವರಾರು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಎರಡು ಇಲ್ಲಿ ನೆನಪಾಗುತ್ತವೆ. ರಾಗದ್ವೇಷಗಳಿಂದ ಪರರ ವಧೆ, ಬಂಧನಗಳನ್ನು ಚಿಂತಿಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದು ದುಃಶ್ರುತಿ. ಹದಿನೆಂಟು ತುಂಬಿದವನಿಗೆ ಇವುಗಳಿಂದ ವಿನಾಯಿತಿಯೆಂದು ಆಚಾರ್ಯರು ಹೇಳಲಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಪ್ರೇಕ್ಷಕನ ಚಪ್ಪಾಳೆ ಯಾವುದಕ್ಕೆ ಸೇರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಚಿತ್ರಗಳನ್ನೇ ನೋಡಬಾರದೆಂಬ ವಾದ ನಮ್ಮದಲ್ಲ. ನೋಯುವವನ ಪಕ್ಕದಲ್ಲಿ ನಿಲ್ಲಲು ಕಲಿಸುವ ಚಿತ್ರಗಳೂ ಉಂಟು. ಸೂರ್ಯಾಸ್ತದೊಳಗೆ ಊಟ ಮುಗಿಸುವ, ನೀರನ್ನು ಸೋಸಿ ಕುಡಿಯುವ ನಾವು ಕಣ್ಣಿನ ಆಹಾರವನ್ನು ಸೋಸದೆ ಉಣ್ಣುತ್ತಿದ್ದೇವಲ್ಲ ಎಂಬುದೇ ವ್ಯಥೆ. ಪ್ರಮಾಣಪತ್ರವನ್ನು ನೋಡಿಯೇ ಟಿಕೆಟ್ ಕೊಳ್ಳೋಣ. ಚಿತ್ರ ಮುಗಿಸಿ ಮನೆಗೆ ಬಂದ ಮೇಲೆ ಮಗುವನ್ನು ಒಂದು ಮಾತು ಕೇಳೋಣ: "ಯಾರು ಸತ್ತಾಗ ನಿನಗೆ ಸಂತೋಷವಾಯಿತು?" ಅದೇ ಪ್ರಶ್ನೆಗೆ ಮೊದಲು ನಾವು ಉತ್ತರಿಸೋಣ.