ಬೇರಿಂಗ್ ಕೂರಿಸುವ ಕೈ

ಹಳೆಯ ಮಾರುತಿ 800ರ ಮುಂದಿನ ಚಕ್ರ ಗೊರ್ರೆನ್ನತೊಡಗಿದರೆ ಹಲವರು ಮೊದಲು ಬೈಯುವುದು ಟೈರನ್ನು. ಒಳ್ಳೆಯ ಮೆಕ್ಯಾನಿಕ್ ಬೈಯುವುದಿಲ್ಲ, ಗಾಡಿಯನ್ನು ಒಂದು ಸುತ್ತು ಓಡಿಸುತ್ತಾನೆ. ಎಡಕ್ಕೆ ತಿರುಗಿಸಿದಾಗ ಭಾರ ಬಲಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಸವೆದಿದೆ ಎಂದರ್ಥ. ಆಮೇಲೆ ಜಾಕಿ ಕೊಟ್ಟು, ಚಕ್ರ ತಿರುಗಿಸಿ, ಸ್ಪ್ರಿಂಗಿನ ಮೇಲೆ ಕೈಯಿಟ್ಟು ನಡುಕ ನೋಡುತ್ತಾನೆ.

ಬಿಚ್ಚುವುದು ಬೆವರಿನ ಕೆಲಸ, ಅಷ್ಟೇ. ಕಸುಬು ಇರುವುದು ಕೂರಿಸುವುದರಲ್ಲಿ. ಚಕ್ರ ಕೂರುವ ಹಬ್ ಹೊರಬಂದಾಗ ಬೇರಿಂಗಿನ ಒಳ ರೇಸ್, ಅಂದರೆ ಒಳಬಳೆ, ಅದಕ್ಕೇ ಕಚ್ಚಿಕೊಂಡು ಉಳಿಯುವುದುಂಟು. ಗ್ರೈಂಡರಿನಿಂದ ರೇಸಿಗೆ ಮಾತ್ರ ಗೀರು ಕೊಟ್ಟು, ಚಾಣದ ಒಂದೇಟಿಗೆ ಸೀಳಬೇಕು, ಹಬ್ಬಿಗೆ ಗಾಯವಾಗಬಾರದು. ಹಬ್ಬಿನ ಮೈಯೇ ಸವೆದಿದ್ದರೆ ಅದನ್ನೂ ಬದಲಿಸಬೇಕು, ಅಲ್ಲಿ ಜಿಪುಣತನ ಸಲ್ಲದು. ಹೊಸ ಬೇರಿಂಗನ್ನು ಅದರ ಮನೆಯಾದ ಸ್ಟಿಯರಿಂಗ್ ನಕಲ್ಲಿನೊಳಕ್ಕೆ ಒತ್ತುವಾಗ ಹೊರ ರೇಸಿನ ಮೇಲೆ ಮಾತ್ರ ಒತ್ತಡ; ಬೇರಿಂಗಿನೊಳಕ್ಕೆ ಹಬ್ ಒತ್ತುವಾಗ ಒಳ ರೇಸಿಗೆ ಆಸರೆ. ಇದು ತಪ್ಪಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು, ಅವು ಓಡುವ ಜಾಡಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗುಳಿಗಳಾಗುತ್ತವೆ. ಬೇರಿಂಗ್ ಹೊಸದು, ಆಯಸ್ಸು ಮಾತ್ರ ಅರ್ಧ! ಹಾಗಾಗಿ ಸುತ್ತಿಗೆಯಲ್ಲಿ ಬಡಿದು ಕೂರಿಸುವವನಿಗಿಂತ, ಲೇತ್ ಅಂಗಡಿಗೆ ಒಯ್ದು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ, ಹಳೆಯ ರೇಸನ್ನೇ ನಡುವಿಟ್ಟು ನಿಧಾನವಾಗಿ ಒತ್ತಿಸುವವನೇ ನನ್ನ ಮಟ್ಟಿಗೆ ಕಸುಬುದಾರ.

ಕೊನೆಗೆ ಆಕ್ಸಲ್ ನಟ್. ಅಂದಾಜು ಬೇಡ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಸಿಕೊಳ್ಳಿ, ಅಲ್ಲಿಯವರೆಗೆ ಗಾಡಿಯನ್ನು ಒಂದಡಿಯೂ ಉರುಳಿಸಬೇಡಿ.